ಕಾಂಗ್ ಮೈಮೇಲಿನ ಬೆರಳ ಗುರುತು

"ಅಪ್ಪಾ, ಅದರ ಕೂದಲು ಯಾಕೆ ಹಾಗೆ ಅಲ್ಲಾಡ್ತಿದೆ? ಅಲ್ಲಿ ಜೋರು ಗಾಳಿನಾ?"

ಕಳೆದ ಮಳೆಗಾಲದ ಒಂದು ಭಾನುವಾರ ಮಗಳು ಕೇಳಿದ ಪ್ರಶ್ನೆ ಇದು. ಹೊರಗೆ ಕಾಲಿಡುವ ಹಾಗಿರಲಿಲ್ಲ. ಇಬ್ಬರೂ ಗೋಡೆಗೆ ದಿಂಬು ಒರಗಿಸಿಕೊಂಡು ಕಾಂಗ್ ಎಂಬ ದೈತ್ಯ ಗೊರಿಲ್ಲಾದ ಕಥೆಯಿರುವ 1933ರ 'ಕಿಂಗ್ ಕಾಂಗ್' ನೋಡುತ್ತಿದ್ದೆವು. ಕಪ್ಪು ಬಿಳುಪು ಸಿನಿಮಾ ಅಂತ ಮೊದಲು ಮೂಗು ಮುರಿದಿದ್ದಳು. ಕಂಬಕ್ಕೆ ಕಟ್ಟಿದ ಹುಡುಗಿಯ ಕಡೆಗೆ ಕಾಂಗ್ ಮರಗಳನ್ನು ಸರಿಸಿಕೊಂಡು ಬಂದಾಗ ಎದ್ದು ಕೂತಳು. ಸ್ವಲ್ಪ ಹೊತ್ತಿಗೆ ಈ ಪ್ರಶ್ನೆ ಬಂತು.

ನಾನು ಸಿನಿಮಾ ನಿಲ್ಲಿಸಿದೆ. ಒಂದೊಂದೇ ಫ್ರೇಮ್ ಮುಂದೆ ತಳ್ಳಿ ತೋರಿಸಿದೆ. ಕಾಂಗ್‌ನ ಭುಜದ ಮೇಲಿನ ಕೂದಲು ಒಂದು ಫ್ರೇಮಿನಲ್ಲಿ ಎಡಕ್ಕೆ ಮಲಗಿದೆ. ಮುಂದಿನದರಲ್ಲಿ ನೆಟ್ಟಗೆ ನಿಂತಿದೆ. ಅದರ ಮುಂದಿನದರಲ್ಲಿ ನಡುವೆ ಒಂದು ಸಣ್ಣ ಗುಳಿ ಬಿದ್ದಿದೆ. ಪಕ್ಕದ ಗಿಡದ ಎಲೆಗಳು ಮಾತ್ರ ಮಿಸುಕಾಡಿಲ್ಲ. ಹಾಗಾದರೆ ಗಾಳಿ ಎಲ್ಲಿಂದ ಬಂತು?

"ಗಾಳಿ ಅಲ್ಲ ಪುಟ್ಟಿ, ಬೆರಳು," ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನೂ ನಿಧಾನವಾಗಿ ಬರೆಯುತ್ತಿದ್ದೇನೆ. ಈ ಸಿನಿಮಾ ನನಗೆ ಯಾಕಿಷ್ಟು ಇಷ್ಟ ಅನ್ನೋದಕ್ಕೆ ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು.

ಪರದೆಯ ಮೇಲೆ ಮರದೆತ್ತರ ಕಾಣುವ ಕಾಂಗ್ ಅಸಲಿಗೆ ಒಂದೂವರೆ ಅಡಿಯ ಗೊಂಬೆ. 18 ಇಂಚು. ಕಾಡಿನ ದೃಶ್ಯಗಳಿಗೆ ಅಷ್ಟು ಎತ್ತರದ ಗೊಂಬೆಗಳನ್ನು ಮಾಡಿದ್ದರು. ನ್ಯೂಯಾರ್ಕ್ ದೃಶ್ಯಗಳಿಗೆ 24 ಇಂಚಿನದು. ಒಳಗೆ ಲೋಹದ ಅಸ್ಥಿಪಂಜರ. ನಮ್ಮ ಭುಜ, ಸೊಂಟಗಳಲ್ಲಿ ಗುಂಡು ಮೂಳೆ ಗುಳಿಯಲ್ಲಿ ಕೂತು ತಿರುಗುತ್ತದಲ್ಲ, ಅದೇ ಥರದ ಕೀಲುಗಳು. ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು. ತಾನಾಗಿ ಇಳಿಯಬಾರದು, ಅಷ್ಟು ಬಿಗಿ ಇರಬೇಕು. ಆದರೆ ಬೆರಳಲ್ಲಿ ಒತ್ತಿದರೆ ಕೂದಲೆಳೆಯಷ್ಟು ಸರಿಯಲೂಬೇಕು. ಅದರ ಮೇಲೆ ರಬ್ಬರ್ ಮತ್ತು ಹತ್ತಿಯಿಂದ ಮಾಡಿದ ಸ್ನಾಯುಗಳು. ಕೈ ಮಡಚಿದರೆ ತೋಳು ಉಬ್ಬುವಂತೆ, ಚಾಚಿದರೆ ಎಳೆದುಕೊಳ್ಳುವಂತೆ ಇಟ್ಟಿದ್ದರು. ಎಲ್ಲದರ ಮೇಲೆ ಮೊಲದ ತುಪ್ಪಳ.

ಇವನ್ನು ಮಾಡಿದವನು ಮಾರ್ಸೆಲ್ ಡೆಲ್ಗಾಡೊ. ಮೆಕ್ಸಿಕೊದಲ್ಲಿ ಹುಟ್ಟಿದ ಹುಡುಗ. ದಿನಸಿ ಅಂಗಡಿಯಲ್ಲಿ ದುಡಿಯುತ್ತಾ ಸಂಜೆ ಕಲಾ ಶಾಲೆಗೆ ಹೋಗುತ್ತಿದ್ದ. ಅಲ್ಲೇ ಅವನ ಕೈಚಳಕ ಕಂಡು ಕೆಲಸಕ್ಕೆ ಕರೆದವನು ವಿಲಿಸ್ ಓಬ್ರಯನ್. ಆ ಗೊಂಬೆಗೆ ಜೀವ ತುಂಬಿದವನು.

ಜೀವ ತುಂಬೋದು ಅನ್ನೋ ಮಾತನ್ನು ನಾವು ಸುಮ್ನೆ ಬಳಸಿಬಿಡ್ತೇವೆ. ಇಲ್ಲಿ ಅದು ಕೂಲಿ ಕೆಲಸದಷ್ಟು ಕಷ್ಟದ ಮಾತು. ಗೊಂಬೆಯ ಕೈಯನ್ನು ಚೂರು ಸರಿಸು. ತಲೆಯನ್ನು ಚೂರು ತಿರುಗಿಸು. ಹಿಂದೆ ಸರಿದು ನಿಲ್ಲು. ಒಂದು ಫ್ರೇಮ್ ಚಿತ್ರ ತೆಗಿ. ಮತ್ತೆ ಹೋಗು, ಮತ್ತೆ ಸರಿಸು. ಒಂದು ಸೆಕೆಂಡಿಗೆ ಇಂಥ 24 ಚಿತ್ರ ಬೇಕು. ಒಂದು ನಿಮಿಷಕ್ಕೆ 1,440. ಪ್ರತಿ ಸಲ ಸರಿಸುವಾಗಲೂ ಬೆರಳು ತುಪ್ಪಳ ಮುಟ್ಟುತ್ತದೆ. ಮುಟ್ಟಿದಲ್ಲಿ ಕೂದಲು ಮಲಗುತ್ತದೆ, ಎದ್ದೇಳುತ್ತದೆ. ಎಲ್ಲ ಫ್ರೇಮ್‌ಗಳನ್ನು ಓಡಿಸಿದಾಗ ಕಾಂಗ್‌ನ ಮೈ ಇಡೀ ಹೊಲದಲ್ಲಿ ಬೆಳೆ ತೂಗಿದ ಹಾಗೆ ತೂಗುತ್ತದೆ.

ಡೆಲ್ಗಾಡೊಗೆ ಇದು ದೊಡ್ಡ ತಲೆನೋವಾಗಿತ್ತಂತೆ. ಬೆರಳ ಗುರುತು ಕಾಣುತ್ತೆ, ನಮ್ಮ ಗುಟ್ಟು ಬಯಲಾಗುತ್ತೆ ಅಂತ ಭಯ. ಆದರೆ ಮೊದಲ ತುಣುಕುಗಳನ್ನು ನೋಡಿದ ಸ್ಟುಡಿಯೋ ದೊಡ್ಡವರಲ್ಲೊಬ್ಬ, "ಕಾಂಗ್‌ಗೆ ಸಿಟ್ಟು ಬಂದಿದೆ, ನೋಡಿ ಕೂದಲು ಹೇಗೆ ನಿಮಿರಿದೆ!" ಎಂದನಂತೆ. ಈ ಕಥೆಯನ್ನು ಸಿನಿಮಾ ಪ್ರಿಯರು ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ನನಗೆ ಇದು ಬರೀ ಅದೃಷ್ಟದ ಕಥೆ ಅನ್ನಿಸುವುದಿಲ್ಲ. ಗೊಂಬೆಯ ಮುಖದಲ್ಲಿ ಮೊದಲೇ ಸಿಟ್ಟು ಇದ್ದದ್ದರಿಂದ ತಾನೇ ಕೂದಲಲ್ಲೂ ಅದೇ ಕಂಡದ್ದು?

ಅವತ್ತು ಮಧ್ಯಾಹ್ನವೇ ನಾವೂ ಮಾಡಿ ನೋಡೋಣ ಅಂತ ಮಗಳು ಹಟ ಹಿಡಿದಳು. ಅವಳ ಬಳಿ ಬಣ್ಣದ ಜೇಡಿಮಣ್ಣಿತ್ತು. ಊಟದ ಮೇಜಿನ ಮೇಲೆ ಅಂಗೈ ಅಗಲದ ಒಂದು ಆನೆ ಮಾಡಿದೆವು. ಮೊಬೈಲನ್ನು ಎರಡು ಡಬ್ಬಿಗಳ ನಡುವೆ ಸಿಕ್ಕಿಸಿ ನಿಲ್ಲಿಸಿದೆವು. ಸೆಕೆಂಡಿಗೆ 12 ಚಿತ್ರ ಸಾಕು ಅಂದುಕೊಂಡೆವು. ಆನೆ ನಾಲ್ಕು ಹೆಜ್ಜೆ ನಡೆದು ಸೊಂಡಿಲೆತ್ತಬೇಕು, ಅಷ್ಟೇ ಕಥೆ.

ಎರಡು ಗಂಟೆ ಹಿಡಿಯಿತು. ಸಿಕ್ಕಿದ್ದು ಐದು ಸೆಕೆಂಡು. ಮೋಡ ಸರಿದು ಕಿಟಕಿಯಿಂದ ಬೆಳಕು ಬಂದಾಗ ಆನೆಯ ಬಣ್ಣವೇ ಬದಲಾಯಿತು. ಎತ್ತಿದ ಸೊಂಡಿಲು ನಾವು ಚಿತ್ರ ತೆಗೆಯುವಷ್ಟರಲ್ಲಿ ಜೋತುಬಿತ್ತು. ನಡುವೆ ಒಮ್ಮೆ ಮಗಳ ಮೊಣಕೈ ಮೇಜಿಗೆ ತಾಗಿತು. ಆನೆ ಒಂದಿಂಚು ಹಾರಿದಂತೆ ಬಂತು. ಆದರೂ ಓಡಿಸಿ ನೋಡಿದಾಗ ಅವಳು ಉಸಿರು ಬಿಗಿಹಿಡಿದು ನೋಡಿದಳು. ಆನೆ ನಡೆಯಿತು! ಮೈತುಂಬ ಅವಳ ಬೆರಳಿನ ಗೆರೆಗಳು. ಹೆಜ್ಜೆ ಹೆಜ್ಜೆಗೂ ಆ ಗೆರೆಗಳು ಬದಲಾಗುತ್ತಿದ್ದವು. ನನ್ನ ಮುಖ ನೋಡಿ, "ಕಾಂಗ್ ಥರಾನೇ," ಅಂದಳು.

ಆ ಎರಡು ಗಂಟೆ ಆದ ಮೇಲೆ ಓಬ್ರಯನ್ ಬಗ್ಗೆ ನನ್ನ ಗೌರವ ಇನ್ನೂ ಜಾಸ್ತಿಯಾಯಿತು.

ಈ ಮನುಷ್ಯ ಯಾವ ಸಿನಿಮಾ ಶಾಲೆಯಲ್ಲೂ ಓದಿದವನಲ್ಲ. ದನ ಕಾಯುವ ಕೆಲಸ ಮಾಡಿದ್ದ. ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದಿದ್ದ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೃತಶಿಲೆ ಕೆತ್ತುವ ಕಡೆ ದುಡಿದಿದ್ದ. ಅಲ್ಲಿ ಬಿಡುವಿನ ಹೊತ್ತಿನಲ್ಲಿ ಜೇಡಿಮಣ್ಣಿನಲ್ಲಿ ಬಾಕ್ಸಿಂಗ್ ಪಟುಗಳನ್ನು ಮಾಡಿ ಜೊತೆಗಾರನ ಗೊಂಬೆಯ ಎದುರು ಗುದ್ದಾಡಿಸುತ್ತಿದ್ದನಂತೆ. ಇವನ್ನೇ ಒಂದೊಂದು ಚಿತ್ರವಾಗಿ ತೆಗೆದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಆದಿಮಾನವರು, ಡೈನೋಸಾರ್‌ಗಳ ಪುಟ್ಟ ಪುಟ್ಟ ಚಿತ್ರ ಮಾಡಿದ. ಅವು ಎಡಿಸನ್ ಕಂಪನಿಯ ಕೈ ಸೇರಿದವು. 1925ರಲ್ಲಿ ಅವನ ಡೈನೋಸಾರ್‌ಗಳಿದ್ದ 'ದಿ ಲಾಸ್ಟ್ ವರ್ಲ್ಡ್' ಸಿನಿಮಾ ಬಂತು. ಅದರ ಮೂಲ ಕಾದಂಬರಿ ಬರೆದ ಆರ್ಥರ್ ಕಾನನ್ ಡಾಯ್ಲ್ 1922ರಲ್ಲೇ ಓಬ್ರಯನ್‌ನ ಕೆಲವು ತುಣುಕುಗಳನ್ನು ನ್ಯೂಯಾರ್ಕಿನ ಜಾದೂಗಾರರ ಸಭೆಯಲ್ಲಿ ತೋರಿಸಿದ್ದ. ಇದೇನು, ಹೇಗೆ ಮಾಡಿದ್ದು ಅಂತ ಒಂದು ಮಾತೂ ಹೇಳಲಿಲ್ಲ. ಕಣ್ಣು ಕಟ್ಟುವುದನ್ನೇ ಕಸುಬು ಮಾಡಿಕೊಂಡವರು ಡೈನೋಸಾರ್ ನೋಡಿ ಬೆರಗಾಗಿ ಕೂತರು.

ಆಮೇಲೆ ಆರ್‌ಕೆಓ ಸ್ಟುಡಿಯೋದಲ್ಲಿ 'ಕ್ರಿಯೇಷನ್' ಎಂಬ ಸಿನಿಮಾಕ್ಕೆ ಕೈ ಹಾಕಿದ. ತುಂಬಾ ದಿನ, ತುಂಬಾ ದುಡ್ಡು. ಅಮೆರಿಕ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ಕಾಲ ಅದು. ಸ್ಟುಡಿಯೋ ಕೂಡ ಸಾಲದಲ್ಲಿತ್ತು. ಯಾವ ಕೆಲಸ ಉಳಿಸಬೇಕು, ಯಾವುದು ನಿಲ್ಲಿಸಬೇಕು ಎಂದು ನೋಡಲು 1931ರಲ್ಲಿ ಮೆರಿಯನ್ ಸಿ. ಕೂಪರ್ ಬಂದ. 'ಕ್ರಿಯೇಷನ್' ನಿಲ್ಲಿಸಿ ಎಂದ. ಆದರೆ ಅದನ್ನು ಮಾಡುತ್ತಿದ್ದ ಮನುಷ್ಯನನ್ನು ಬಿಡಲಿಲ್ಲ.

ಕೂಪರ್‌ನ ತಲೆಯಲ್ಲಿ ಆಗಲೇ ಒಂದು ಗೊರಿಲ್ಲಾ ಕೂತಿತ್ತು. ಅವನು ಕಾಡುಮೇಡು ಸುತ್ತಿ ಸಿನಿಮಾ ಮಾಡಿದವನು. ಗೆಳೆಯನೊಬ್ಬ ಕೊಮೊಡೊ ದ್ವೀಪದಿಂದ ನ್ಯೂಯಾರ್ಕಿಗೆ ತಂದಿದ್ದ ದೈತ್ಯ ಹಲ್ಲಿಗಳು ಮೃಗಾಲಯದಲ್ಲಿ ಬದುಕದೆ ಸತ್ತುಹೋಗಿದ್ದವು. ಆ ಸುದ್ದಿ ಅವನನ್ನು ಕಾಡಿತ್ತು. ದೂರದ ದ್ವೀಪದ ರಾಜನನ್ನು ಹಿಡಿದು ತಂದರೆ ನಮ್ಮ ನಗರ ಅವನನ್ನು ಕೊಂದುಹಾಕುತ್ತದೆ. ಕಿಂಗ್ ಕಾಂಗ್ ಕಥೆಯ ಬೀಜ ಇಲ್ಲಿದೆ ಅನ್ನೋದನ್ನು ನಾನು ಪೂರ್ತಿ ನಂಬುತ್ತೇನೆ. ನಿಜವಾದ ಗೊರಿಲ್ಲಾವನ್ನೇ ಹಿಡಿದು ತಂದು ಹಲ್ಲಿಯ ಎದುರು ಬಿಡಬೇಕು ಎಂಬುದು ಕೂಪರ್‌ನ ಮೊದಲ ಯೋಚನೆಯಾಗಿತ್ತು. ಓಬ್ರಯನ್‌ನ ಗೊಂಬೆಗಳನ್ನು ಕಂಡ ಮೇಲೆ ಅದರ ಅಗತ್ಯವೇ ಬೀಳಲಿಲ್ಲ. ಪುಣ್ಯಕ್ಕೆ!

ಸ್ಟುಡಿಯೋವನ್ನು ಒಪ್ಪಿಸಲು ಮೊದಲು ಮಾದರಿಗೆ ಕೆಲವು ದೃಶ್ಯ ಮಾಡಿ ತೋರಿಸಿದರು. ಅದರಲ್ಲೊಂದು ಕಾಂಗ್ ಮತ್ತು ಟಿರನೋಸಾರಸ್ ಎಂಬ ಡೈನೋಸಾರ್‌ನ ಕಾಳಗ. ಇಡೀ ಸಿನಿಮಾದಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ್ದು ಇದನ್ನೇ.

ಕಾಂಗ್ ಆ ಹುಡುಗಿಯನ್ನು, ಅಂದರೆ ಫೇ ರೇ ಮಾಡಿದ ಆ್ಯನ್ ಪಾತ್ರವನ್ನು, ಮರದ ತುದಿಯಲ್ಲಿ ಕೂರಿಸಿ ಕಾಳಗಕ್ಕೆ ಇಳಿಯುತ್ತಾನೆ. ಬರೀ ಕಚ್ಚಾಟ ಅಲ್ಲ ಇದು. ಕಾಂಗ್ ಗುದ್ದುತ್ತಾನೆ, ಹಿಂದೆ ಸರಿಯುತ್ತಾನೆ, ಕಾಲು ಹಿಡಿದು ಕೆಡವುತ್ತಾನೆ, ಬೆನ್ನೇರುತ್ತಾನೆ. ಮಣ್ಣಿನ ಬಾಕ್ಸರ್‌ಗಳನ್ನು ಆಡಿಸಿದ ಕೈ ಇಲ್ಲಿ ಎದ್ದು ಕಾಣುತ್ತದೆ. ಕೊನೆಗೆ ಎದುರಾಳಿಯ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಸೀಳುತ್ತಾನೆ. ಅದು ಬೀಳುತ್ತದೆ.

ಇಲ್ಲಿಗೆ ಕಾಳಗ ಮುಗಿಯಿತು. ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ದೃಶ್ಯ ಕತ್ತರಿಸುತ್ತಿದ್ದರು. ಓಬ್ರಯನ್ ಕತ್ತರಿಸಲಿಲ್ಲ. ಕಾಂಗ್ ಬಗ್ಗಿ, ಸತ್ತ ಪ್ರಾಣಿಯ ದವಡೆಯನ್ನು ಬೆರಳಲ್ಲಿ ಎತ್ತುತ್ತಾನೆ. ಬಿಡುತ್ತಾನೆ, ಅದು ಪಟ್ಟಂತ ಬೀಳುತ್ತದೆ. ಮತ್ತೆ ಎತ್ತುತ್ತಾನೆ, ಮತ್ತೆ ಬಿಡುತ್ತಾನೆ. ನಿಜವಾಗಿ ಸತ್ತಿದೆಯಾ ಅಂತ ಪರೀಕ್ಷೆ. ಜೊತೆಗೆ ಚಿಕ್ಕ ಮಕ್ಕಳು ಮುರಿದ ಆಟಿಕೆಯನ್ನು ಅಲ್ಲಾಡಿಸಿ ನೋಡುವ ಥರದ ಕುತೂಹಲ. ಆಮೇಲೆ ಎದ್ದು ನಿಂತು ಎದೆ ಬಡಿದುಕೊಳ್ಳುತ್ತಾನೆ.

ಆ ಕೆಲವು ಸೆಕೆಂಡುಗಳು ಕಥೆಗೆ ಬೇಕಾಗಿರಲೇ ಇಲ್ಲ. ಆದರೆ ಅಷ್ಟಕ್ಕಾಗಿ ಯಾರೋ ಒಬ್ಬರು ಬಿಸಿ ದೀಪಗಳ ಕೆಳಗೆ ನಿಂತು ನೂರಾರು ಸಲ ಆ ಪುಟ್ಟ ದವಡೆಯನ್ನು ಮುಟ್ಟಿದ್ದಾರೆ. ಕಾಂಗ್ ನನಗೆ ಪ್ರಾಣಿಯಾಗಿ ಅಲ್ಲ, ಒಂದು ಪಾತ್ರವಾಗಿ ಕಂಡದ್ದು ಆ ಹೊತ್ತಿನಲ್ಲಿ. ಚಲನೆ ಕೊಡುವುದು ಒಂದು ಕೆಲಸ. ಆ ಪ್ರಾಣಿ ಏನೋ ಯೋಚನೆ ಮಾಡುತ್ತಿದೆ ಅಂತ ನಮಗೆ ಅನ್ನಿಸುವ ಹಾಗೆ ಮಾಡುವುದು ಬೇರೆಯೇ ಕೆಲಸ.

ಗೊಂಬೆಯನ್ನು ಆಡಿಸಿದರೆ ಮುಗಿಯಲಿಲ್ಲ. ಮನುಷ್ಯರನ್ನೂ ಗೊಂಬೆಯನ್ನೂ ಒಂದೇ ಚಿತ್ರದಲ್ಲಿ ಕೂರಿಸಬೇಕಲ್ಲ? ಕಂಪ್ಯೂಟರ್ ಇಲ್ಲದ ಕಾಲ. ಕಾಡು ಅಂದರೆ ಮೇಜಿನ ಮೇಲಿನ ಕಾಡು. ಮುಂದೆ ಪುಟ್ಟ ಗಿಡಗಳು. ಅದರ ಹಿಂದೆ ಮರ, ಬಳ್ಳಿ ಬರೆದ ಗಾಜಿನ ಹಲಗೆ. ನಡುವೆ ಗೊಂಬೆ ಓಡಾಡುವ ಜಾಗ. ಅದರ ಹಿಂದೆ ಮತ್ತೊಂದು ಗಾಜು, ಅದರ ಮೇಲೆ ದೂರದ ಬೆಟ್ಟ, ಮಂಜು. ಮಾರಿಯೊ ಲಾರಿನಾಗಾ, ಬೈರನ್ ಕ್ರ್ಯಾಬ್ ಇವನ್ನೆಲ್ಲ ಬರೆದವರು. ಗುಸ್ತಾವ್ ದೊರೆ ಎಂಬ ಫ್ರೆಂಚ್ ಕಲಾವಿದನ ಕೆತ್ತನೆ ಚಿತ್ರಗಳು ಅವರ ಕಣ್ಣ ಮುಂದಿದ್ದವು. ಮುಂದೆ ಕತ್ತಲು, ನಡುವೆ ಬೆಳಕು, ಹಿಂದೆ ಮಸುಕು. ಆ ಕಾಡಿನ ಆಳ ಬಂದದ್ದು ಇದರಿಂದ. ಇವತ್ತಿನ ಎಷ್ಟೋ ದುಬಾರಿ ಸಿನಿಮಾಗಳ ಕಾಡಿನಲ್ಲಿ ಎಲ್ಲವೂ ಕಾಣುತ್ತದೆ, ಆದರೆ ಒಳಗೆ ಹೋದರೆ ದಾರಿ ತಪ್ಪಬಹುದು ಎಂಬ ಭಯ ಹುಟ್ಟುವುದಿಲ್ಲ. ಇಲ್ಲಿ ಹುಟ್ಟುತ್ತದೆ.

ಫೇ ರೇ ಮರದ ಮೇಲೆ ಕೂತು ಕಾಳಗ ನೋಡುವಾಗ ಅವಳ ಹಿಂದೆ ಇದ್ದದ್ದು ದೊಡ್ಡ ಪರದೆ. ಮೊದಲೇ ಮಾಡಿಟ್ಟ ಗೊಂಬೆ ಕಾಳಗವನ್ನು ಆ ಪರದೆಯ ಹಿಂದಿನಿಂದ ಪ್ರೊಜೆಕ್ಟರ್ ಹಾಕಿ ಓಡಿಸಿದರು. ಮುಂದೆ ಅವಳು ಕಿರುಚಿದಳು. ಅವಳಿಗೆ ಅದು ಮಸುಕು ಮಸುಕಾದ ನೆರಳಾಟ ಮಾತ್ರ.

ಇದರ ತಿರುಗುಮುರುಗು ಉಪಾಯ ಇನ್ನೂ ಸೊಗಸು. ಗುಹೆಯಂಥ ಪುಟ್ಟ ಸೆಟ್‌ನೊಳಗೆ ಅಂಗೈಯಷ್ಟರ ಪರದೆ ಅಡಗಿಸಿಡುವುದು. ನಿಜವಾದ ನಟರ ಚಿತ್ರವನ್ನು ಅದರ ಮೇಲೆ ಹಿಂದಿನಿಂದ ಒಂದೊಂದೇ ಫ್ರೇಮ್ ಬಿಡುವುದು. ಗೊಂಬೆಯನ್ನು ಒಂದು ಚೂರು ಸರಿಸು, ನಟನ ಚಿತ್ರವನ್ನು ಒಂದು ಫ್ರೇಮ್ ಮುಂದೆ ತಳ್ಳು, ಕ್ಯಾಮೆರಾ ಒತ್ತು. ಹೀಗೆ ಮಾಡಿದಾಗ ಒಂದೂವರೆ ಅಡಿಯ ಕಾಂಗ್ ಪಕ್ಕದಲ್ಲಿ ಬೆರಳುದ್ದದ ಮನುಷ್ಯ ಕೈಕಾಲು ಆಡಿಸುತ್ತಾನೆ. ಸಣ್ಣ ಗೊಂಬೆಯನ್ನು ದೊಡ್ಡದು ಮಾಡಲು ಮನುಷ್ಯನನ್ನೇ ಅದಕ್ಕಿಂತ ಸಣ್ಣದು ಮಾಡಿಬಿಟ್ಟರು!

ಇಂಥ ಸೆಟ್ಟಿನಲ್ಲಿ ನಿಜವಾದ ಗಿಡಗಳನ್ನು ಇಟ್ಟರೆ ಏನಾಗುತ್ತದೆ ಅನ್ನೋದಕ್ಕೂ ಒಂದು ಕಥೆ ಪ್ರಸಿದ್ಧವಾಗಿದೆ. ಇಡೀ ದಿನ ಒಂದು ದೃಶ್ಯ ತೆಗೆದಿದ್ದಾರೆ. ಫಿಲ್ಮ್ ತೊಳೆದು ನೋಡಿದರೆ, ಕಾಂಗ್ ಆಡುತ್ತಿದ್ದ ಕೆಲವೇ ಸೆಕೆಂಡುಗಳಲ್ಲಿ ಮೂಲೆಯ ಒಂದು ಹೂವು ನಿಧಾನವಾಗಿ ದಳ ಬಿಚ್ಚಿ ಅರಳುತ್ತಿದೆ. ದೀಪದ ಬಿಸಿಗೆ ಅರಳಿದ ಹೂವು. ದಿನದ ಕೆಲಸ ಹೋಯಿತು. ನಮ್ಮ ಕಿಟಕಿಯ ಬಿಸಿಲು ಆನೆಯ ಬಣ್ಣ ಬದಲಿಸಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಹೂವು.

ಗೊಂಬೆ ಸಾಲದ ಕಡೆ ನಿಜವಾಗಿಯೂ ದೊಡ್ಡದನ್ನು ಕಟ್ಟಿದರು. ಕಾಂಗ್‌ನ ದೊಡ್ಡ ತಲೆ ಮತ್ತು ಎದೆ, ಮೇಲೆ ಕರಡಿ ಚರ್ಮ. ಒಳಗೆ ಕೂತ ಮೂವರು ಕಣ್ಣು, ಹುಬ್ಬು, ಬಾಯಿ ಆಡಿಸುತ್ತಿದ್ದರು. ಸಿನಿಮಾದಲ್ಲಿ ನನಗೆ ಅತಿ ಕಡಿಮೆ ಇಷ್ಟವಾಗುವುದು ಈ ತಲೆಯೇ. ಗಾತ್ರವಿದೆ, ಜೀವವಿಲ್ಲ. ದೊಡ್ಡ ಕೈಯ ವಿಷಯ ಬೇರೆ. ಫೇ ರೇಯನ್ನು ಅದರ ಬೆರಳುಗಳ ನಡುವೆ ಸಿಕ್ಕಿಸಿ ಮೇಲಕ್ಕೆ ಎತ್ತುತ್ತಿದ್ದರು. ಅವಳು ಒದ್ದಾಡಿದಷ್ಟೂ ಬೆರಳುಗಳು ಸಡಿಲವಾಗುತ್ತಿದ್ದವಂತೆ. ಜಾರಿ ಬೀಳುತ್ತೇನೆ ಅನ್ನಿಸಿದಾಗ ಕೂಗಿ ಹೇಳಿ ಇಳಿಸಿಕೊಳ್ಳುತ್ತಿದ್ದಳು. ಅಂದರೆ ತೆರೆಯ ಮೇಲೆ ಅವಳು ಕಾಂಗ್‌ನ ಹೆಬ್ಬೆರಳನ್ನು ತಬ್ಬಿಕೊಂಡಿರುವಲ್ಲಿ ಭಯ ಪೂರ್ತಿ ನಟನೆಯಲ್ಲ.

ಸದ್ದಿನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಾತಿನ ಸಿನಿಮಾ ಬಂದು ಆಗ ಐದಾರು ವರ್ಷ ಅಷ್ಟೇ. ಮರ್ರೆ ಸ್ಪಿವ್ಯಾಕ್ ಸಿಂಹ, ಹುಲಿಗಳ ಗರ್ಜನೆ ಹಿಡಿದು ತಂದು, ನಿಧಾನ ಮಾಡಿ, ಹಿಂದುಮುಂದಾಗಿ ಓಡಿಸಿ ಕಾಂಗ್‌ಗೆ ದನಿ ಕೊಟ್ಟ. ಮ್ಯಾಕ್ಸ್ ಸ್ಟೈನರ್ ಕೊಟ್ಟ ಸಂಗೀತ ಕಾಂಗ್‌ನ ಹೆಜ್ಜೆ ಹೆಜ್ಜೆಗೂ ಜೊತೆಯಾಗುತ್ತದೆ. ದನಿ ಆರಿಸಿ ಒಮ್ಮೆ ನೋಡಿ. ಗೊಂಬೆಯ ತೂಕ ಅರ್ಧ ಇಳಿದುಬಿಡುತ್ತದೆ.

ಎಲ್ಲವನ್ನೂ ಕಣ್ಣುಮುಚ್ಚಿ ಮೆಚ್ಚಲು ನನ್ನಿಂದಾಗದು. ದ್ವೀಪದ ಜನರನ್ನು ಈ ಸಿನಿಮಾ ತೋರಿಸಿದ ರೀತಿ ಅವಮಾನಕರ. ಕಪ್ಪು ಜನ ಎಂದರೆ ಕುಣಿತ, ಬಲಿ, ಕೂಗಾಟ ಎಂಬ ಬಿಳಿಯರ ಕಲ್ಪನೆ ಅಲ್ಲಿ ಯಾವ ಮುಜುಗರವೂ ಇಲ್ಲದೆ ನಿಂತಿದೆ. ಹಡಗಿನ ಚೀನೀ ಅಡುಗೆಯವನದೂ ಅದೇ ಪಾಡು. ಮಗಳ ಜೊತೆ ನೋಡುವಾಗ ಅಲ್ಲಿ ನಿಲ್ಲಿಸಿ ಮಾತಾಡಿದೆ. ಒಂದು ಗೊಂಬೆಯ ಮನಸ್ಸಿನೊಳಗೆ ಇಷ್ಟು ಪ್ರೀತಿಯಿಂದ ಇಳಿದವರು ಎದುರಿಗಿದ್ದ ಮನುಷ್ಯರನ್ನು ಹೀಗೆ ನೋಡಿದರಲ್ಲ ಅನ್ನೋದು ಪ್ರತಿ ಸಲವೂ ಚುಚ್ಚುತ್ತದೆ.

1933ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಸಿನಿಮಾ ಬಿಡುಗಡೆಯಾಯಿತು. ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದ ವಾರ ಅದು. ಆದರೂ ಜನ ಮುಗಿಬಿದ್ದರು. 1938ರಲ್ಲಿ ಮತ್ತೆ ಬಿಡುಗಡೆ ಮಾಡುವಾಗ ಕಾಂಗ್ ಜನರನ್ನು ಕಚ್ಚುವ, ತುಳಿಯುವ ದೃಶ್ಯಗಳಿಗೆಲ್ಲ ಕತ್ತರಿ ಬಿತ್ತು. ದಶಕಗಳ ಮೇಲೆ ಅವು ಸಿಕ್ಕಿ ಮತ್ತೆ ಸೇರಿದವು. ಕಣಿವೆಗೆ ಬಿದ್ದ ನಾವಿಕರ ಮೇಲೆ ದೈತ್ಯ ಜೇಡಗಳು ಮುಗಿಬೀಳುವ ದೃಶ್ಯ ಮಾತ್ರ ಸಿಗಲೇ ಇಲ್ಲ. ಕಥೆಯ ಓಟಕ್ಕೆ ಅಡ್ಡ ಬರುತ್ತೆ ಅಂತ ಕೂಪರನೇ ಅದನ್ನು ಬಿಡುಗಡೆಗೆ ಮೊದಲೇ ತೆಗೆದುಹಾಕಿದ್ದ. ಸಿನಿಮಾದ ಓಟಕ್ಕೆ ಅವನು ಮಾಡಿದ್ದು ಸರಿಯಿರಬಹುದು. ನನಗೆ ಮಾತ್ರ ಆ ಜೇಡಗಳನ್ನು ಒಂದೊಂದು ಕಾಲಾಗಿ ಸರಿಸಿದ ಕೈಗಳ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಓಬ್ರಯನ್‌ಗೆ ಆ ವರ್ಷ ಏನು ಸಿಕ್ಕಿತು? ಸ್ಪೆಷಲ್ ಎಫೆಕ್ಟ್ಸ್‌ಗೆ ಆಗ ಆಸ್ಕರ್ ಪ್ರಶಸ್ತಿಯೇ ಇರಲಿಲ್ಲ. ಸ್ಟುಡಿಯೋ ತರಾತುರಿಯಲ್ಲಿ 'ಸನ್ ಆಫ್ ಕಾಂಗ್' ಎಂಬ ಮುಂದಿನ ಭಾಗ ಶುರು ಮಾಡಿತ್ತು. ಅದರ ಕೆಲಸ ನಡೆಯುತ್ತಿದ್ದಾಗಲೇ, 1933ರ ಅಕ್ಟೋಬರಿನಲ್ಲಿ, ಅವನಿಂದ ಬೇರೆಯಾಗಿದ್ದ ಹೆಂಡತಿ ಇಬ್ಬರು ಗಂಡುಮಕ್ಕಳನ್ನೂ ಗುಂಡಿಟ್ಟು ಕೊಂದಳು. ಅವಳೂ ಕಾಯಿಲೆಯಿಂದ, ಮನಸ್ಸಿನ ಸಂಕಟದಿಂದ ನರಳುತ್ತಿದ್ದವಳು. ದೊಡ್ಡ ಮಗನಿಗೆ ಕ್ಷಯದಿಂದ ಕಣ್ಣು ಹೋಗಿತ್ತು. ಅಪ್ಪನ ಕೆಲಸವನ್ನು ಆ ಹುಡುಗ ಕಣ್ಣಿನಿಂದ ನೋಡುವ ಹಾಗಿರಲಿಲ್ಲ. ಇದನ್ನು ಓದಿದ ದಿನದಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಕಾಂಗ್‌ನ ಗೊಂಬೆಯನ್ನು ಆ ಹುಡುಗನ ಕೈಗೆ ಕೊಟ್ಟಿದ್ದರೆ ಅವನಿಗೆ ಅದು ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು. ತುಪ್ಪಳ, ಕೀಲು, ಸ್ನಾಯು ಎಲ್ಲ.

ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ 13ರ ಹುಡುಗನೊಬ್ಬ 'ಕಿಂಗ್ ಕಾಂಗ್' ನೋಡಿದ. ಹೆಸರು ರೇ ಹ್ಯಾರಿಹೌಸನ್. ಇದನ್ನು ಹೇಗೆ ಮಾಡಿದರು ಎಂದು ಹುಡುಕುತ್ತಾ ಹೋಗಿ ಓಬ್ರಯನ್ ಬಾಗಿಲು ತಟ್ಟಿದ. 1949ರಲ್ಲಿ 'ಮೈಟಿ ಜೋ ಯಂಗ್' ಎಂಬ ಇನ್ನೊಂದು ಗೊರಿಲ್ಲಾ ಸಿನಿಮಾಕ್ಕೆ ಇಬ್ಬರೂ ಜೊತೆಗೆ ಕೆಲಸ ಮಾಡಿದರು. ಆ ಸಿನಿಮಾಕ್ಕೆ ಸ್ಪೆಷಲ್ ಎಫೆಕ್ಟ್ಸ್ ಆಸ್ಕರ್ ಸಿಕ್ಕಿತು. ಓಬ್ರಯನ್ 1962ರಲ್ಲಿ ತೀರಿಕೊಂಡ. ಅವನು ಬರೆದಿಟ್ಟ ಎಷ್ಟೋ ಸಿನಿಮಾಗಳು ಮಾಡಲಾಗದೆ ಹೋದವು.

ಆ ಭಾನುವಾರ ಆನೆಯ ಆಟ ಮುಗಿಸಿ, ದೀಪ ಹಚ್ಚಿದ ಮೇಲೆ ಉಳಿದ ಸಿನಿಮಾ ನೋಡಿದೆವು. ಎಂಪೈರ್ ಸ್ಟೇಟ್ ಕಟ್ಟಡದ ತುದಿ. ಅದು ಕಟ್ಟಿ ಆಗ ಎರಡು ವರ್ಷವೂ ತುಂಬಿರಲಿಲ್ಲ, ಜಗತ್ತಿನಲ್ಲೇ ಎತ್ತರದ ಕಟ್ಟಡ. ವಿಮಾನಗಳು ಸುತ್ತುತ್ತಿವೆ. ಒಂದು ವಿಮಾನದಲ್ಲಿ ಕೂತಿರುವವರು ನಿರ್ದೇಶಕರಾದ ಕೂಪರ್ ಮತ್ತು ಅರ್ನೆಸ್ಟ್ ಶೋಡ್‌ಸ್ಯಾಕ್. ತಾವು ಹುಟ್ಟಿಸಿದ್ದನ್ನು ತಾವೇ ಕೊಲ್ಲಲು ಬಂದಿದ್ದಾರೆ ಅಂತ ಹೇಳಿದಾಗ ಮಗಳು ನನ್ನ ಮೇಲೆಯೇ ಸಿಟ್ಟಾದಳು.

ಗುಂಡು ತಾಗುತ್ತದೆ. ಕಾಂಗ್ ಎದೆ ಮುಟ್ಟಿಕೊಳ್ಳುತ್ತಾನೆ. ಕೈಯನ್ನು ಮುಖದ ಹತ್ತಿರ ತಂದು ಬೆರಳುಗಳನ್ನು ನೋಡುತ್ತಾನೆ. ತನಗೇನಾಯಿತು ಅಂತ ಅವನಿಗೆ ಗೊತ್ತಾಗುತ್ತಿಲ್ಲ. ತಲೆ ಮೆಲ್ಲಗೆ ವಾಲುತ್ತದೆ. ಮಲಗಿದ್ದ ಆ್ಯನ್‌ಳನ್ನು ಎತ್ತಿಕೊಂಡು ಒಮ್ಮೆ ನೋಡಿ, ಜೋಪಾನವಾಗಿ ಮತ್ತೆ ಕೆಳಗಿಡುತ್ತಾನೆ.

ಮಗಳು ರಿಮೋಟ್ ಕಿತ್ತುಕೊಂಡಳು. ಹಿಂದಕ್ಕೆ ಓಡಿಸಿದಳು. ನಾನು ಬೆಳಿಗ್ಗೆ ತೋರಿಸಿದ ಹಾಗೆಯೇ ಒಂದೊಂದೇ ಫ್ರೇಮ್ ಮುಂದೆ ತಳ್ಳತೊಡಗಿದಳು. ಮಣಿಕಟ್ಟಿನ ಮೇಲೆ ಕೂದಲು ಮಲಗಿತು, ಎದ್ದಿತು. ಆಮೇಲೆ ಮೊಣಕೈ ಹತ್ತಿರ. ಆಮೇಲೆ ಕುತ್ತಿಗೆಯ ಹಿಂದೆ ಸಣ್ಣದೊಂದು ಗುಳಿ. ಅವಳು ಟಿವಿಯ ಹತ್ತಿರ ಹೋಗಿ ಆ ಗುಳಿಯ ಮೇಲೆ ತನ್ನ ಹೆಬ್ಬೆರಳು ಇಟ್ಟಳು.

"ಈಗ ಕತ್ತು ಹಿಡ್ಕೊಂಡಿದ್ದಾರೆ ನೋಡಪ್ಪಾ," ಅಂದಳು.